ವನ್ಸಾ ಅವರ ಮಲ್ಲಿಗೆ, ನನ್ನ ಬಾಣದ ಬಿದಿರು

ಜಮಖಂಡಿಯಲ್ಲಿ ಯಾವ ಗಿಡ ತೋರಿಸಿದರೂ ಜನ ಅದನ್ನು ಮೊದಲು ಕಬ್ಬಿನ ಪಕ್ಕ ನಿಲ್ಲಿಸಿ ನೋಡುತ್ತಾರೆ. ಕಬ್ಬಿಗಿಂತ ಎತ್ತರವೋ ಗಿಡ್ಡವೋ, ಕಬ್ಬಿಗಿಂತ ಹೆಚ್ಚು ನೀರು ಕುಡಿಯುತ್ತದೋ ಕಡಿಮೆಯೋ, ಕಬ್ಬಿನಂತೆ ಮರುವರ್ಷ ತಾನೇ ಚಿಗುರುತ್ತದೋ ಇಲ್ಲವೋ. ಬೆಳಗಾವಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ನಾನು ತಂದ ಬಿದಿರಿನ ಸಸಿಗೂ ಅದೇ ಪರೀಕ್ಷೆ ಕಾದಿತ್ತು. ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಲ್ಲದ ಚೀಲ ಹಿಡಿದು ಹತ್ತಿದ ಹೆಣ್ಣುಮಗಳೊಬ್ಬಳು ನನ್ನ ಪಕ್ಕ ಕೂತು, ಎಲೆಯೊಂದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

"ಯಾವ ಜಾತಿ ಕಬ್ಬರಿ ಯವ್ವಾ ಇದು? ಭಾಳ ಬಡಕ ಐತಲ್ಲ."

"ಕಬ್ಬಲ್ಲವಾ, ಬಿದಿರು. ಜಪಾನಿಂದು."

"ಅಯ್ಯ, ಹಂಗಾರ ತಿನ್ನಾಕ ಬರೂದಿಲ್ಲ?"

"ಇಲ್ಲ."

"ಬುಟ್ಟಿ ಹೆಣಿಯಾಕ?"

"ಅದಕ್ಕೂ ಬರೂದಿಲ್ಲ."

"ಮತ್ಯಾಕ ಹೊತ್ಕೊಂಡ ಹೊಂಟೀರಿ, ಈ ವಯಸ್ಸಿನ್ಯಾಗ?"

ಅದಕ್ಕೆ ನನ್ನ ಬಳಿ ಉತ್ತರವೇನೋ ಇತ್ತು. ತುಂಬಿದ ಬಸ್ಸಿನಲ್ಲಿ ಹೇಳುವಂಥದ್ದಲ್ಲ, ಅಷ್ಟೆ.

ನಾನು ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ, ಹಾಸ್ಟೆಲಿನಲ್ಲಿದ್ದು. ಅಲ್ಲೊಂದು ಪಾರ್ಲರ್ ಇತ್ತು. ಈಗ ಪಾರ್ಲರ್ ಅಂದರೆ ಹುಬ್ಬು ತೀಡಿಸುವ ಜಾಗ. ಆಗ ಅದು ಅತಿಥಿಗಳನ್ನು ಕೂರಿಸುವ, ಮೇಣದ ವಾಸನೆಯ, ತಣ್ಣನೆಯ ಕೋಣೆ. ವಿಸಿಟಿಂಗ್ ಸಂಡೇ ದಿನ ಅಪ್ಪ ಅಮ್ಮ ಬರುವವರೆಗೆ ನಾವು ಅಲ್ಲಿ ಕಾಯಬೇಕು. ಗೋಡೆಯ ಮೇಲೆ ಒಂದು ಕಾಗದದ ಬೀಸಣಿಗೆ ಬಿಚ್ಚಿ ಅಂಟಿಸಿದ್ದರು. ಜಪಾನಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ವಯಸ್ಸಾದ ಸಿಸ್ಟರ್ ಒಬ್ಬರು ತಂದದ್ದು. ಅದರ ಮೇಲೆ ಕಪ್ಪು ಮಸಿಯಲ್ಲಿ ಮೂರು ಬಿದಿರಿನ ಕಡ್ಡಿ, ಹತ್ತೋ ಹನ್ನೆರಡೋ ಎಲೆ. ಗಾಳಿಯೇ ಇಲ್ಲದ ಆ ಕೋಣೆಯಲ್ಲಿ ಆ ಎಲೆಗಳಿಗೆ ಮಾತ್ರ ಗಾಳಿ ಸಿಕ್ಕಂತಿತ್ತು. ನಮ್ಮ ಊರಿನಿಂದ ಬಸ್ಸು ತಪ್ಪಿ ಅಪ್ಪ ಬಾರದ ಭಾನುವಾರಗಳೂ ಇದ್ದವು. ಆಗ ನಾನು ಅಳುವುದಿಲ್ಲ ಎಂದು ಹಟ ಹಿಡಿದು ಆ ಎಲೆಗಳನ್ನೇ ಎಣಿಸುತ್ತಾ ಕೂರುತ್ತಿದ್ದೆ. ಆಗಿನಿಂದ ಒಂದು ಆಸೆ: ಎಂದಾದರೊಮ್ಮೆ ಅಂಥ ಬಿದಿರು ನನ್ನ ಕಿಟಕಿಯ ಆಚೆ ನಿಜವಾದ ಗಾಳಿಗೆ ಅಲ್ಲಾಡಬೇಕು. ಸಂಸಾರದ ಗದ್ದಲದಲ್ಲಿ ಆ ಆಸೆ ಎಲ್ಲೋ ಅಡಿಗೆ ಬಿದ್ದಿತ್ತು. ಸತ್ತಿರಲಿಲ್ಲ.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದ ಗೆಳತಿ ಮದುವೆಯಾಗಿ ಕೂನೂರಿಗೆ ಹೋಗಿದ್ದಳು. ಮೂರು ವರ್ಷದ ಹಿಂದೆ ಅಲ್ಲಿನ ಮನೆ ಮಾರಿ ಪುಣೆಯ ಮಗಳ ಮನೆಗೆ ಹೊರಟಾಗ ಬೆಳಗಾವಿಯಲ್ಲಿ ಎರಡು ದಿನ ನಿಂತಳು. ನಾನು ನೋಡಲು ಹೋದೆ. ಕಾರಿನ ಡಿಕ್ಕಿಯಿಂದ ಒಂದು ಕುಂಡ ತೆಗೆದು ನನ್ನ ಕೈಗಿತ್ತಳು.

"ಸಮ್ ಜಾಪನೀಸ್ ಥಿಂಗ್, ಡಾರ್ಲಿಂಗ್. ಹೆಸರು ಮರೆತಿದ್ದೀನಿ. ಇಪ್ಪತ್ತು ವರ್ಷದಿಂದ ಅಡಿಗೆಮನೆ ಹಿಂದೆ ನಿಂತಿದೆ, ಒಂದು ಹೆಜ್ಜೆ ಆಚೀಚೆ ಸರಿದಿಲ್ಲ. ವೆರಿ ವೆಲ್ ಬಿಹೇವ್ಡ್."

ನಾನು ಎಲೆಗಳನ್ನು ನೋಡಿದೆ. ಅವೇ ಎಲೆಗಳು. ಆಮೇಲೆ ಅವಳು ಹೇಳಿದ್ದೇನೂ ನನ್ನ ಕಿವಿಗೆ ಬೀಳಲಿಲ್ಲ.

ಇನ್ನು ವನ್ಸಾ ಅವರ ವಿಷಯ ಹೇಳಬೇಕು. ವನ್ಸಾ ಎಂದರೆ ನನ್ನ ಗಂಡನ ಅಕ್ಕ. ಅರ್ಧ ಮರಾಠಿ ಮಾತಾಡುವ ನಮ್ಮಂಥ ಮನೆಗಳಲ್ಲಿ ನಾದಿನಿಯನ್ನು ಹಾಗೆ ಕರೆಯುತ್ತೇವೆ. ಅವರನ್ನು ರಬಕವಿಗೆ ಕೊಟ್ಟಿತ್ತು, ಎರಡೂ ಬದಿ ಮಗ್ಗ ಬಡಿಯುವ ಓಣಿಯ ಒಂದು ಮನೆಗೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಮನೆಯ ಹಿಂಬದಿಯ ಅರ್ಧ ತಮ್ಮದು ಮಾಡಿಕೊಂಡರು. ಮುಂಬದಿಯ ಅರ್ಧ ನನ್ನದು. ಮಹಡಿಯ ಮೇಲೆ ಮಗ, ಸೊಸೆ, ಮೊಮ್ಮಗಳು. ಹಿತ್ತಲು ಎಲ್ಲರದು ಎನ್ನುವುದು ಮಾತಿಗೆ. ಖರೆ ಅಂದರೆ ಅದು ವನ್ಸಾ ಅವರದು. ಅಲ್ಲಿ ಅವರ ತಾಯಿ, ಎಂದರೆ ನನ್ನ ಅತ್ತೆ, ಹಚ್ಚಿದ ದುಂಡುಮಲ್ಲಿಗೆಯ ಪಾತಿ ಇದೆ. ಮಾರ್ಚ್ ಬಂತೆಂದರೆ ವನ್ಸಾ ಬೆಳಿಗ್ಗೆ ಎದ್ದು ಮೊದಲು ನೋಡುವುದು ದೇವರನ್ನಲ್ಲ, ಆ ಮೊಗ್ಗುಗಳನ್ನು.

ಅವರು ಸಾಲೆಗೆ ಹೋಗಿದ್ದು ನಾಲ್ಕನೆಯ ಇಯತ್ತೆವರೆಗೆ. ನಾನು ಸೊಸೆಯಾಗಿ ಬಂದಾಗಿನಿಂದ ಮನೆಯ ಇಂಗ್ಲಿಷೆಲ್ಲ ನನ್ನ ಪಾಲಿಗೆ. ಮಾತ್ರೆಯ ಪಟ್ಟಿ, ಕರೆಂಟ್ ಬಿಲ್ಲು, ಪ್ರೆಶರ್ ಕುಕ್ಕರ್ ಜತೆ ಬರುವ ಪುಸ್ತಕ, ಎಲ್ಲ ನಾನೇ ಓದಿ ಹೇಳಬೇಕು. ಹೇಳಿದ ಮೇಲೆ ಅವರ ಕಡೆಯಿಂದ ಎರಡನೆಯ ಪ್ರಶ್ನೆ ಇರುತ್ತಿರಲಿಲ್ಲ. ಗಂಡ ಕೂಡ ನನ್ನನ್ನು ಅಷ್ಟು ನಂಬಿರಲಿಲ್ಲ ಎಂದು ನಾನು ನಗುತ್ತಿದ್ದೆ.

ಕುಂಡ ನೋಡಿದ ಕೂಡಲೇ ವನ್ಸಾ ಮುಖ ಗಂಟಿಕ್ಕಿದರು.

"ಬಿದಿರು ಮನ್ಯಾಗ ಹಚ್ಚೂದಲ್ಲ. ಅದು ಮನಿಗೆ ಬರೂದು ಎರಡ ಸಲ. ಮದುವಿ ಹಂದರಕ್ಕ, ಮತ್ತ ಕಡೀಕ ಹೊರೂದಕ್ಕ."

"ಅದಲ್ಲರೀ ಇದು. ಬೆರಳಷ್ಟ ದಪ್ಪ ಆಗೂದು. ಇದರ ಮ್ಯಾಲೆ ನನ್ನ ಹೊತ್ತರ ನಾಕ ಹೆಜ್ಜಿಗೆ ಮುರದ ಬೀಳ್ತೀನಿ."

"ಬಿದ್ದರ ಎದ್ದ ಮನಿಗೆ ಬಾ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಬೇರು ಓಡ್ತದೇನು? ನನ್ನ ಮಲ್ಲಿಗಿ ಕಡೆ ಬರಬಾರದು ನೋಡು."

"ಓಡೂದಿಲ್ಲ."

"ಖರೆ?"

"ಖರೆ ರೀ. ಇಂಗ್ಲಿಷಿನ್ಯಾಗ ಬರದದ."

ಬರೆದಿತ್ತು, ನಿಜ. ಮೊಮ್ಮಗಳ ಫೋನಿನಲ್ಲಿ ಎಲೆಯ ಫೋಟೋ ತೆಗೆದು ಹುಡುಕಿದ್ದೆ. ಆ ಫೋನು ಮೊದಲ ದಿನ ಕಬ್ಬು ಅಂದಿತು, ಎರಡನೆಯ ದಿನ ಶುಂಠಿ ಅಂದಿತು, ಮೂರನೆಯ ದಿನ ಜಪಾನಿನ ಯಾವುದೋ ಬಿದಿರು ಅಂದಿತು. ನನಗೆ ಬೇಕಾದದ್ದು ಅದೇ. ಕೆಳಗಿನ ಬರಹದಲ್ಲಿ "ಸಾಮಾನ್ಯವಾಗಿ ಗುಂಪಾಗಿಯೇ ಇರುತ್ತದೆ" ಎಂಬರ್ಥದ ಒಂದು ವಾಕ್ಯ ಕಂಡಿತು. ಗೆಳತಿಯೂ ಅದನ್ನೇ ಹೇಳಿದ್ದಳಲ್ಲ. ಸಮಾಧಾನವಾಯಿತು, ಫೋನು ವಾಪಸು ಕೊಟ್ಟೆ. ವಾಕ್ಯ ಅಲ್ಲಿಗೆ ಮುಗಿದಿತ್ತೋ ಇಲ್ಲವೋ ನೋಡಲಿಲ್ಲ. ಐ ಮಸ್ಟ್ ಕನ್ಫೆಸ್, ಮುಗಿದಿಲ್ಲದಿದ್ದರೆ ನನಗೆ ಗೊತ್ತಾಗುವುದು ಬೇಡವಾಗಿತ್ತು.

ಮನೆಯ ಬದಿಗೂ ಚಾಚಿದ ಹಿತ್ತಲಿನ ಉತ್ತರದ ಗೋಡೆಗೆ, ನನ್ನ ಕಿಟಕಿಯ ಎದುರಿಗೆ ಅದನ್ನು ಹಚ್ಚಿದೆ. ಮೊದಲ ಬೇಸಿಗೆ ಅದಕ್ಕೂ ನನಗೂ ಕಷ್ಟವಾಯಿತು. ಕೂನೂರಿನ ಮಂಜಿನಲ್ಲಿದ್ದ ಗಿಡ. ಇಲ್ಲಿ ಹನ್ನೊಂದು ಗಂಟೆಗೆಲ್ಲ ಹಿತ್ತಲ ಕಲ್ಲು ಕಾದು ಕಾಲಿಡಲಾಗುವುದಿಲ್ಲ. ಮಧ್ಯಾಹ್ನ ಎಲೆಗಳು ಸುರುಳಿ ಸುತ್ತಿ ಬೀಡಿಯಂತಾಗುತ್ತಿದ್ದವು. ನಾನು ಒದ್ದೆ ಗೋಣಿತಾಟು ಕಟ್ಟಿ ನೆರಳು ಮಾಡಿದೆ. ಸಂಜೆ ಒಂದೊಂದೇ ಎಲೆ ಬಿಚ್ಚಿಕೊಳ್ಳುವುದನ್ನು ಕಿಟಕಿಯಲ್ಲಿ ಕೂತು ನೋಡುತ್ತಿದ್ದೆ. ಮಳೆ ಬರುವ ಹೊತ್ತಿಗೆ ಗಿಡ ಬದುಕಿತ್ತು. ಬೆಳೆದಿರಲಿಲ್ಲ.

ಚಿಕ್ಕಪಡಸಲಗಿ ದಾರಿಯಲ್ಲಿ ನಮ್ಮದೊಂದು ತುಂಡು ಹೊಲವಿದೆ. ಅದನ್ನು ಪಾಲಿಗೆ ಮಾಡುವ ರೈತರೊಬ್ಬರಿದ್ದಾರೆ, ನನ್ನ ಓರಗೆಯವರು, ಜೋಳದ ಸುಗ್ಗಿಗೆ, ಹಬ್ಬಕ್ಕೆ ಬಂದು ಹೋಗುವವರು. ಅವರು ಗಿಡದ ಸುತ್ತ ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬಾಯಾರ, ಇದಕ್ಕ ಏನ ಹಾಕೀರಿ?"

"ನೀರು. ಒಂದೀಟು ಸಗಣಿ ಗೊಬ್ಬರ."

"ಉಪಾಸ ಕೆಡವೀರಿ ಪಾಪ. ಫ್ಯಾಕ್ಟರಿ ಮಡ್ಡ ತಂದ ಕೊಡ್ತೇನ್ರಿ. ನಮ್ಮ ಕಬ್ಬು ಹೆಂಗ ಎದ್ದಾವ ನೋಡೀರಲ್ಲ?"

ಮಡ್ಡು ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿದ ಮೇಲೆ ಉಳಿಯುವ ಕಪ್ಪು ಗಸಿ. ನಮ್ಮ ಕಡೆಯ ರೈತರಿಗೆ ಅದಕ್ಕಿಂತ ದೊಡ್ಡ ಔಷಧ ಇಲ್ಲ. ಎರಡು ಚೀಲ ತಂದರು. ಕಬ್ಬಿಗೆ ಮಾಡುವಂತೆಯೇ ಬುಡಕ್ಕೆ ಮಣ್ಣು ಏರಿಸಿದರು, ಕಬ್ಬಿಗೆ ಬಿಡುವಂತೆಯೇ ಕಾಲುವೆ ಮಾಡಿ ಬಚ್ಚಲ ನೀರನ್ನು ಅದರತ್ತ ತಿರುಗಿಸಿದರು. ನಾನು ಪಕ್ಕದಲ್ಲಿ ನಿಂತು "ಇನ್ನೊಂದು ಬುಟ್ಟಿ ಹಾಕ್ರಿ" ಎನ್ನುತ್ತಿದ್ದೆ. ಈ ನಾಲ್ಕು ಊರಿನಲ್ಲಿ ಯಾರ ಕೈಗೆ ಆ ಗಿಡ ಕೊಟ್ಟಿದ್ದರೂ ಇದನ್ನೇ ಮಾಡುತ್ತಿದ್ದರು. ನಮಗೆ ಗೊತ್ತಿರುವ ಪ್ರೀತಿ ಅದು: ಮಡ್ಡು ಮತ್ತು ನೀರು.

ಆ ವರ್ಷ ಬಿದಿರು ಎದ್ದಿತು ನೋಡಿ! ನನ್ನ ತಲೆ ಮೀರಿತು, ಕಿಟಕಿ ಮೀರಿತು. ಕಡ್ಡಿಗಳು ದಾರ ಹಿಡಿದಂತೆ ನೆಟ್ಟಗೆ. ಸಂಜೆ ಗುಡ್ಡದ ಕಡೆಯಿಂದ ಗಾಳಿ ಬೀಸಿದಾಗ ಉದ್ದನೆಯ ಎಲೆಗಳು ಒಂದಕ್ಕೊಂದು ಸವರಿ, ಹೊಸ ಕಾಗದ ತಿರುವಿದಂಥ ಸದ್ದು. ಕಿಟಕಿ ತೆರೆದಿಟ್ಟುಕೊಂಡು ಚಹಾ ಆರುವವರೆಗೆ ಕೂರುತ್ತಿದ್ದೆ. ಪಾರ್ಲರಿನಲ್ಲಿ ಕಾಯುತ್ತಿದ್ದ ಹತ್ತು ವರ್ಷದ ಹುಡುಗಿಗೆ ಬಸ್ಸು ಕೊನೆಗೂ ಬಂದಂತಿತ್ತು. ಫೋಟೋ ತೆಗೆಸಿ ಗೆಳತಿಗೆ ಕಳಿಸಿದೆ. "ಮೈ ಗುಡ್‌ನೆಸ್! ನನ್ನಲ್ಲಿ ಎಂದೂ ಇಷ್ಟು ಎತ್ತರ ಬಂದಿರಲಿಲ್ಲ" ಎಂದು ಬರೆದಳು. ಅದನ್ನು ಹೊಗಳಿಕೆ ಅಂದುಕೊಂಡೆ. ನನಗೆ ಎಚ್ಚರಿಕೆಯಾಗಬೇಕಿತ್ತು.

ಕಳೆದ ಮಾರ್ಚಿನ ಒಂದು ಬೆಳಿಗ್ಗೆ ವನ್ಸಾ ಸ್ನಾನಕ್ಕೆ ಹೋಗಿದ್ದರು. ನಾನು ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದೆ. ಮಲ್ಲಿಗೆಯ ಪಾತಿಯಲ್ಲಿ, ಎರಡು ಗಿಡಗಳ ನಡುವೆ, ಚೂಪಾದ ಪೆನ್ಸಿಲಿನಂಥದ್ದು ಏನೋ ನೆಲ ಸೀಳಿ ನಿಂತಿತ್ತು. ಬಿದಿರಿನ ಗುಂಪಿನಿಂದ ಅಲ್ಲಿಗೆ ಹತ್ತು ಹೆಜ್ಜೆ. ಬಗ್ಗಿ ಮುಟ್ಟಿದೆ. ಹಸಿ ಬಿದಿರಿನ ಮೊಳಕೆ.

ಏನು ಮಾಡಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಮಾಡಿದ್ದು ಬೇರೆ. ಮೊಳಕೆಯನ್ನು ಮುರಿದು ಸೆರಗಿನಲ್ಲಿ ಸುತ್ತಿಕೊಂಡು, ಮಣ್ಣು ಸವರಿ, ಒಳಗೆ ಬಂದು ಬಾಯಿ ಮುಕ್ಕಳಿಸಿದೆ.

ಮರುದಿನ ಎರಡು. ಅದರ ಮರುದಿನ ಮೂರು. ವನ್ಸಾ ಅವರಿಗಿಂತ ಮೊದಲು ಹಿತ್ತಲು ಮುಟ್ಟಬೇಕು. ಅವರೋ ಐದಕ್ಕೇ ಏಳುವವರು. ಕೊನೆಗೆ ನಾನೇ ಬುಟ್ಟಿ ಹಿಡಿದು ಹೊರಟೆ.

"ನೀವು ಕೂಡ್ರಿ ವನ್ಸಾ, ಇವತ್ತ ನಾ ಹೂ ಹರಕೊಂಡ ಬರ್ತೀನಿ."

ವನ್ಸಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಐವತ್ತ ವರ್ಷದಾಗ ಎಂದೂ ಇಲ್ಲದ ಭಕ್ತಿ. ಆರಾಮ ಇದ್ದೀಯಿಲ್ಲೊ?"

"ಸೊಂಟಕ್ಕ ವ್ಯಾಯಾಮ ಆಗಲಿ ಅಂತ ಡಾಕ್ಟರ್ ಹೇಳ್ಯಾರ."

ಒಂದು ಸುಳ್ಳಿನ ಬೇರಿಗೆ ಇನ್ನೊಂದರ ಮೊಳಕೆ. ಹೀಗೆ ಒಂದು ವಾರ ನಡೆಯಿತು. ನನಗೆ ಹೂ ಹರಿಯಲೂ ಸರಿಯಾಗಿ ಬಾರದು. ತೊಟ್ಟು ಕಿತ್ತು ತರುತ್ತಿದ್ದೆ. ವನ್ಸಾ ಒಂದೊಂದನ್ನೇ ಆರಿಸಿ, "ಕಾನ್ವೆಂಟಿನ್ಯಾಗ ಹೂ ಹರಿಯೂದು ಒಂದ ಕಲಸಲಿಲ್ಲ ನಿಮಗ" ಎಂದು ಗೊಣಗುತ್ತಿದ್ದರು. ಬೈಸಿಕೊಳ್ಳುವುದೇ ಸುಖ ಎಂದುಕೊಳ್ಳುತ್ತಿದ್ದೆ.

ಎಂಟನೆಯ ದಿನ ಸಂಜೆ ವನ್ಸಾ ಪಾತಿಯ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಹಚ್ಚಿದ ಗಿಡಗಳಲ್ಲೇ ದೊಡ್ಡದು ಅವರ ಕೈಯಳತೆಯಲ್ಲಿತ್ತು. ಅದರ ಎಲೆ ಹಳದಿ ತಿರುಗಿತ್ತು; ಮೊಗ್ಗು ಉದುರಿ ನೆಲದ ಮೇಲೆ ಬಿದ್ದಿದ್ದವು. ಅವರು ಒಂದೊಂದನ್ನೇ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಿದ್ದರು.

"ನನ್ನ ಕೈಗುಣ ಹೋತು ಅನಸ್ತದ," ಎಂದರು. ದೂರಲ್ಲ, ಸುಮ್ಮನೆ ಹೇಳಿದ್ದು. "ಕಣ್ಣಿನ ಆಪರೇಶನ್ ಆದಮ್ಯಾಲೆ ನೀರು ಹೆಚ್ಚು ಹಾಕಿದ್ನೋ ಕಡಿಮಿ ಹಾಕಿದ್ನೋ. ಅವ್ವ ಇದ್ದಿದ್ದರ ಬೈತಿದ್ದಳು. ಇನ್ನ ಮ್ಯಾಲೆ ನೀನs ನೋಡ್ಕೊ. ದಿನಾ ಹೆಂಗೂ ಬರ್ತಿಯಲ್ಲ."

ಆ ಗಿಡದ ಬುಡದಲ್ಲೇ, ಎಲೆಗಳ ಮರೆಯಲ್ಲಿ, ನಾನು ಬೆಳಿಗ್ಗೆ ಮುರಿಯಲಾರದೆ ಬಿಟ್ಟ ಒಂದು ಮೊಳಕೆ ಇತ್ತು. ಅದನ್ನು ಮುರಿಯಬೇಕಾದರೆ ಗಿಡದ ರೆಂಬೆ ಬಗ್ಗಿಸಬೇಕಿತ್ತು. ಅವರು ತಮ್ಮನ್ನೇ ತಾವು ತಪ್ಪುಗಾರರನ್ನಾಗಿ ಮಾಡಿಕೊಳ್ಳುತ್ತಿದ್ದರು. ತಪ್ಪು ಅವರಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು.

"ವನ್ಸಾ," ಎಂದೆ. "ನಿಮ್ಮ ಕೈದಲ್ಲ. ನನ್ನ ಬಿದಿರಿಂದು." ರೆಂಬೆ ಸರಿಸಿ ತೋರಿಸಿದೆ. ವಾರದಿಂದ ಮಾಡಿದ್ದನ್ನೂ ಹೇಳಿದೆ.

ಅವರು ಮೊಳಕೆಯನ್ನು ನೋಡಿದರು. ಆಮೇಲೆ ನನ್ನನ್ನು.

"ಓಡೂದಿಲ್ಲ ಅಂತ ಬರದದ ಅಂದಿದ್ದಿ."

"ಅರ್ಧಾ ಓದಿದ್ದೆ ರೀ. ಪೂರ್ತಿ ಓದಿದ್ದಿಲ್ಲ."

"ನನಗ ಓದ್ಲಿಕ್ಕೆ ಬರೂದಿಲ್ಲಂತ ಅರ್ಧಾ ಓದಿ ಹೇಳಿದೇನು?"

ಅವರು ಉತ್ತರಕ್ಕೆ ಕಾಯಲಿಲ್ಲ. ಅಂಗೈಯ ಮೊಗ್ಗುಗಳನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು.

ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಅವರು ಹೊಸ ಮಾತ್ರೆಯ ಪಟ್ಟಿ ಹಿಡಿದು, ಬಿಸಿಲಲ್ಲಿ, ಓಣಿಯ ತುದಿಯ ಮೆಡಿಕಲ್ ಶಾಪಿಗೆ ನಡೆದುಕೊಂಡು ಹೋದರು. ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಕೇಳಿಕೊಂಡು ಬಂದರು. ನನ್ನ ಬಾಗಿಲ ಮುಂದೆಯೇ ಹೋದರು, ನನ್ನ ಬಾಗಿಲ ಮುಂದೆಯೇ ಬಂದರು. ಎಂಬತ್ತೊಂದು ವರ್ಷದ ಅವರ ಮೊಣಕಾಲಿಗೆ ಅದು ಸಣ್ಣ ದೂರವಲ್ಲ. ಆ ಮನೆಯಲ್ಲಿ ನನಗಿದ್ದ ಒಂದೇ ಒಂದು ಹುದ್ದೆ ಹೋದಂತಾಯಿತು. ಬಿದಿರು ಹೋದರೆ ಹೋಗಲಿ, ಇದು ಮಾತ್ರ ಹೀಗೆ ಉಳಿಯಬಾರದು ಎಂದು ಆ ರೈತರಿಗೆ ಫೋನು ಮಾಡಿಸಿದೆ.

ಅವರು ಗುದ್ದಲಿ ತಂದು ಗುಂಪಿನ ಪಕ್ಕ ಅಗೆದರು. ಒಂದು ಬೇರು ಹಿಡಿದು ಎಳೆದರೆ ಅದು ನೆಲದ ಕೆಳಗೆ ಹಗ್ಗದಂತೆ ಬಿಚ್ಚುತ್ತಾ ಮಲ್ಲಿಗೆಯ ಪಾತಿಯವರೆಗೆ ಹೋಯಿತು. ಗೇಣಿಗೊಂದು ಗಂಟು, ಗಂಟಿಗೊಂದು ಮೊಳಕೆ.

"ಏ ಇದು ಕಬ್ಬಲ್ರಿ ಬಾಯಾರ! ಕಬ್ಬು ಕುಂತಲ್ಲೇ ಮರಿ ಹಾಕ್ತೈತಿ. ಇದು ಕರಿಕಿ ಹುಲ್ಲಿನ ಜಾತಿ, ನೆಲದಾಗ ಹರೀತೈತಿ. ಮ್ಯಾಲೆ ನಾ ಬ್ಯಾರೆ ಮಡ್ಡ ಹಾಕೇನಿ." ಹಣೆ ಒರೆಸಿಕೊಂಡು ನಕ್ಕರು. "ಮುಧೋಳ ನಾಯಿ ಇದ್ದಂಗ ಐತ್ರಿ. ನಿಂತಾಗ ಬರೇ ಎಲುವು ಕಾಣತಾವು, ಬಿಟ್ಟಿರೋ ಕೈಗೆ ಸಿಗೂದಿಲ್ಲ. ಏನ ಮಾಡೂಣ್ರಿ? ಕಿತ್ತ ಒಗೀಲೇನು?"

ನಾನು ವನ್ಸಾ ಅವರ ಬಾಗಿಲ ಕಡೆ ನೋಡಿದೆ. ಅವರು ಹೊಸ್ತಿಲ ಮೇಲೆ ನಿಂತಿದ್ದರು.

"ವನ್ಸಾ ಹೇಳಿದ್ದ ಖರೆ," ಎಂದೆ. "ಅವರು ಕೀಳ್ರಿ ಅಂದರ ಕೀಳ್ರಿ."

ವನ್ಸಾ ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಎಳೆದಿಟ್ಟ ಬೇರನ್ನು ಕಾಲಿನಿಂದ ಸರಿಸಿ ನೋಡಿದರು.

"ಹೆಸರ ಗೊತ್ತಿಲ್ಲದ್ದನ್ನ ಕೀಳೂದು ಹೆಂಗ, ಇಡೂದು ಹೆಂಗ? ಮೊದಲ ಇದು ಏನದ ಅಂತ ಗೊತ್ತಾಗ್ಲಿ." ನನ್ನತ್ತ ತಿರುಗಿ, "ನೀ ಓದು. ಜೋರಾಗಿ ಓದು. ಒಂದ ಸಾಲೂ ಬಿಡಬ್ಯಾಡ. ನಾ ಗಿಡದಾಗ ನೋಡಿ ಹೌದೋ ಅಲ್ಲೋ ಹೇಳ್ತೀನಿ."

ಮೊಮ್ಮಗಳು ಜಪಾನಿನ ಬಿದಿರುಗಳ ಬಗ್ಗೆ ಕೆಲವು ಹಾಳೆ ಪ್ರಿಂಟ್ ತೆಗೆಸಿ ತಂದಳು. ಹಿತ್ತಲಲ್ಲಿ ಬೇವಿನ ನೆರಳಿಗೆ ಮೂರು ಕುರ್ಚಿ ಹಾಕಿದೆವು. ಒಂದರಲ್ಲಿ ನಾನು, ಕನ್ನಡಕ, ಹಾಳೆಗಳು. ಇನ್ನೊಂದರಲ್ಲಿ ರೈತರು, ಒತ್ತಾಯಕ್ಕೆ ಕುರ್ಚಿಯ ತುದಿಯಲ್ಲಿ. ಮೂರನೆಯದು ಖಾಲಿ, ವನ್ಸಾ ಕೂರಲಿಲ್ಲ, ಬಿದಿರಿನ ಮುಂದೆಯೇ ನಿಂತರು. ನಾನು ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಅದನ್ನೇ ಕನ್ನಡದಲ್ಲಿ ಹೇಳುವುದು. ಸಾಲೆಯ ಇನ್‌ಸ್ಪೆಕ್ಷನ್ ದಿನದಂತೆ ಒಂದೊಂದು ಪದವನ್ನೂ ಬಿಡಿಸಿ ಓದುತ್ತಿದ್ದೆ.

"ಕಡ್ಡಿ ಗುಂಡಗದನೋ, ಅಥವಾ ಗಂಟಿನ ಮ್ಯಾಲೆ ಉದ್ದಕ್ಕ ಒಂದ ಗೀರಿನಂಥ ತಗ್ಗು ಅದನೋ? ತಗ್ಗಿದ್ದರ ಒಂದ ಪಂಗಡ, ಇಲ್ಲದಿದ್ದರ ಬ್ಯಾರೆ."

ವನ್ಸಾ ಹೆಬ್ಬೆರಳಿನಿಂದ ಕಡ್ಡಿಯನ್ನು ಸುತ್ತ ಸವರಿದರು. ದಿನಕ್ಕೆ ನೂರು ಹೂಬತ್ತಿ ಹೊಸೆಯುವ ಬೆರಳು. "ಗುಂಡಗದ. ತಗ್ಗಿಲ್ಲ. ಮುಂದ."

"ಗಂಟಿಗೆ ಎಷ್ಟ ಟೊಂಗಿ? ಒಂದೋ, ಎರಡೋ, ಹಿಂಡೋ?"

"ಒಂದ. ಇಲ್ಲೂ ಒಂದ. ಮ್ಯಾಲೂ ಒಂದ."

"ಎಳೆ ಕಡ್ಡಿ ಸುತ್ತಿದ ಒಣ ಹೊದಿಕಿ ಬಿದ್ದ ಹೋಗ್ತದೋ, ಹಂಗs ಉಳೀತದೋ?"

ಇದಕ್ಕೆ ರೈತರೇ ಎದ್ದರು. "ನೋಡ್ರಿ ಅಕ್ಕಾರ, ಕಬ್ಬಿನ ಒಣ ರವದಿ ಎಲಿ ಇದ್ದಂಗ ಅಂಟಕೊಂಡೈತಿ. ಬೀಳೂದಲ್ಲ, ಸುಲಿಯಾಕs ಬೇಕು."

"ಎಲಿ ಮ್ಯಾಲೆ ಹೊಳಿಯೂ ಹಸರು, ಅಡಿಗೆ ಬೂದಿ ಬಣ್ಣ," ಎಂದು ಓದಿ ನಾನು ಹಾಳೆ ತಿರುವಲು ಹೊರಟೆ. ವನ್ಸಾ ಕೈ ಎತ್ತಿ ತಡೆದರು. ಒಂದು ಎಲೆ ಕಿತ್ತು, ಮಗುಚಿ, ಬಿಸಿಲಿಗೆ ಹಿಡಿದರು.

"ಪೂರಾ ಬೂದಿ ಅಲ್ಲ. ಒಂದ ಅಂಚಿನ ಕಡೆ ಹಸರು ಪಟ್ಟಿ ಅದ ನೋಡು, ಉದ್ದಕ್ಕ. ಇನ್ನೊಂದ ಅಂಚಿಗಿಲ್ಲ. ಒಂದs ಕಡೆ ದಡಿ ಹಿಡದ ನೇದಂಗ ಅದ. ರಬಕವ್ಯಾಗ ಹಿಂಗ ಯಾರರ ನೇದಿದ್ದರ ಸೀರಿ ವಾಪಸ ಬರ್ತಿತ್ತು."

ನಾನು ಎದ್ದು ಹೋಗಿ ನೋಡಿದೆ. ಎರಡು ವರ್ಷ ದಿನವೂ ನೋಡಿದ ಎಲೆ. ಅಡಿಮೈಯನ್ನು ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಬೀಸಣಿಗೆಯ ಚಿತ್ರದಲ್ಲಿ ಎಲೆಗೆ ಅಡಿಮೈ ಎಲ್ಲಿರುತ್ತದೆ? ಕುರ್ಚಿಗೆ ಮರಳಿ ಹಾಳೆ ತಿರುವಿದೆ. ಮುಂದಿನ ಸಾಲಿನಲ್ಲೇ ಇತ್ತು: ಎಲೆಯ ಅಡಿಯಲ್ಲಿ, ಒಂದು ಅಂಚಿಗೆ ಮಾತ್ರ ಹಸಿರು ಪಟ್ಟಿ. ಅದನ್ನು ಇಂಗ್ಲಿಷಿನಲ್ಲಿ ಓದಿದೆ. ಕನ್ನಡದಲ್ಲಿ ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದೆ. ವನ್ಸಾ ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಖಾಲಿ ಕುರ್ಚಿಯಲ್ಲಿ ಕೂತರು.

"ಹೆಸರೇನು?"

"ಯಾದಾಕೆ ಅಂತಾರಂತ ಜಪಾನಿನ್ಯಾಗ. ಬಾಣದ ಬಿದಿರು. ಹಿಂದಿನ ಕಾಲಕ್ಕ ಇದರಿಂದ ಬಾಣ ಮಾಡ್ತಿದ್ದರಂತ."

"ಅದಕ್ಕs ನೆಟ್ಟಗ ಬಂದ ನನ್ನ ಮಲ್ಲಿಗಿಗೆ ಬಡೀತು. ಮುಂದ ಓದು."

ಮುಂದೆ ಇದ್ದದ್ದು ಆ ವಾಕ್ಯ. ಸಾಮಾನ್ಯವಾಗಿ ಗುಂಪಾಗಿಯೇ ಇರುತ್ತದೆ. ಅದರ ಬೆನ್ನಿಗೇ ಉಳಿದದ್ದು: ಆದರೆ ಸೆಕೆಯ ಊರಿನಲ್ಲಿ, ಸತ್ವದ ಮಣ್ಣು, ಧಾರಾಳ ನೀರು ಸಿಕ್ಕರೆ ಬೇರು ದೂರ ದೂರ ಹಬ್ಬುತ್ತದೆ, ಅಡ್ಡ ಕಟ್ಟದೆ ನೆಡಬಾರದು. ಎರಡೂ ಭಾಷೆಯಲ್ಲಿ, ಎಲ್ಲೂ ದನಿ ತಗ್ಗಿಸದೆ ಓದಿದೆ.

"ಇದು ಮೊದಲs ಇತ್ತೇನು? ನೀ ಆಗ ನೋಡಿದಾಗ?"

"ಇತ್ತು. ಅದs ಸಾಲಿನ ಬೆನ್ನಿಗೆ."

ರೈತರು ಬೇವಿನ ಮರದ ತುದಿಯಲ್ಲಿ ಏನೋ ಇದೆ ಎಂಬಂತೆ ಮೇಲೆ ನೋಡತೊಡಗಿದರು.

"ಹೂಂ," ಎಂದರು ವನ್ಸಾ. ಸೊಂಟದ ಎಲೆ ತೆಗೆದು ಮತ್ತೊಮ್ಮೆ ಮಗುಚಿ ನೋಡಿ, "ಅಡ್ಡ ಕಟ್ಟೂದು ಹೆಂಗ ಅಂತ ಬರದದೇನು?"

ಬಿದಿರು ಉಳಿಯಿತು ಎಂದು ನನಗೆ ಆಗ ತಿಳಿಯಿತು. ವನ್ಸಾ ಹಾಕಿದ ಕರಾರು ಎರಡು: ಪಾತಿಯಲ್ಲಿ ಬಿದಿರಿನ ಒಂದು ಎಳೆಯೂ ಉಳಿಯಕೂಡದು, ಅದನ್ನು ನಾನೇ ಕೂತು ಆರಿಸಬೇಕು. ರೈತರು ಬಾವಿಗೆ ಇಳಿಸುವಂಥ ಸಿಮೆಂಟ್ ರಿಂಗು ಎರಡನ್ನು ಒಂದರ ಮೇಲೊಂದು ಹೂತು, ಗುಂಪಿನ ಉದ್ದನೆಯ ಕಡ್ಡಿಗಳನ್ನು ಸವರಿ, ಅದನ್ನು ಒಳಗೆ ಕೂರಿಸಿದರು. ಅಂಚು ನೆಲಕ್ಕಿಂತ ಒಂದು ಗೇಣು ಮೇಲೆ, ಕಳ್ಳಬೇರು ಹಾರಿದರೆ ಕಣ್ಣಿಗೆ ಬೀಳಲೆಂದು. ಮಡ್ಡು ಬಂದ್. ಬಚ್ಚಲ ನೀರು ತೊಂಡೆ ಬಳ್ಳಿಗೆ.

ನಾನು ಮೂರು ದಿನ ಮಣೆಯ ಮೇಲೆ ಕೂತು, ಖುರಪಿ ಹಿಡಿದು, ಮಲ್ಲಿಗೆಯ ಬೇರಿನ ನಡುವಿನಿಂದ ಬಿದಿರಿನ ಬೇರನ್ನು ಬಿಡಿಸಿದೆ. ಡಾಕ್ಟರು ಹೇಳಿರದ ವ್ಯಾಯಾಮ ಕೊನೆಗೂ ಆಯಿತು. ಕಟ್ಟೆಯ ಮೇಲೆ ಕೂತ ವನ್ಸಾ, "ಅಲ್ಲೊಂದು. ಎಡಕ್ಕ. ನಿನ್ನ ಎಡ ಅಲ್ಲ, ನನ್ನ ಎಡ" ಎಂದು ಹೇಳುತ್ತಿದ್ದರು. ದೊಡ್ಡ ಗಿಡದ ಬುಡವನ್ನು ಬಿಡಿಸಲು ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಬೇಕಾಯಿತು. ಕತ್ತರಿ ಅವರೇ ಹಿಡಿದರು. ನಾನು ಬೇರೆ ಕಡೆ ನೋಡಿದೆ.

ಕಿತ್ತ ಬೇರಿನ ರಾಶಿ ಇನ್ನೊಂದು ತಲೆನೋವು. ನಮ್ಮಲ್ಲಿ ಬಿದಿರು ಸುಡುವುದಿಲ್ಲ, ವಂಶಕ್ಕೆ ಕೇಡು ಎಂಬ ನಂಬಿಕೆ. ಒಲೆಗೂ ಹಾಕುವುದಿಲ್ಲ, ಕಸದ ಜತೆಗೂ ಇಲ್ಲ. ಹೊಲದ ಬದುವಿಗೆ ಒಗೆದರೆ ಅಲ್ಲೇ ಬೇರು ಬಿಟ್ಟು ಏಳುತ್ತದೆ. ಕೊನೆಗೆ ಎಲ್ಲವನ್ನೂ ಮಾಳಿಗೆಗೆ ಒಯ್ದು ಬಿಸಿಲಿಗೆ ಹರವಿದೆವು. ಅದು ಸಂಡಿಗೆ ಹಾಕುವ ಕಾಲ. ಒಂದು ಕಡೆ ಹಳೆಯ ಧೋತರದ ಮೇಲೆ ವನ್ಸಾ ಅವರ ಸಂಡಿಗೆ, ಇನ್ನೊಂದು ಕಡೆ ನನ್ನ ಬೇರು. ಸಂಜೆಯಾದರೆ ಕೆಳಗಿನಿಂದ ಕೂಗು: "ನಿನ್ನ ಜಪಾನಿ ಸಂಡಿಗಿ ಒಣಗ್ಯಾವೇನು ನೋಡ ಹೋಗು!" ಜಮಖಂಡಿಯ ಮೇ ತಿಂಗಳಿಗೆ ಒಣಗದ್ದು ಯಾವುದಿದೆ? ಎರಡು ವಾರದಲ್ಲಿ ಕಡ್ಡಿಯಂತೆ ಚಟಚಟ ಮುರಿಯತೊಡಗಿದವು; ಆಮೇಲೆ ಬದುವಿಗೆ ಒಗೆಯಲು ಭಯವಿರಲಿಲ್ಲ.

ದೊಡ್ಡ ಮಲ್ಲಿಗೆ ಮೇ ಇಡೀ ಬೋಳಾಗಿ ನಿಂತಿತ್ತು. ನಾವಿಬ್ಬರೂ ದಿನಕ್ಕೆ ನಾಲ್ಕು ಸಲ ನೋಡಿ ಬರುತ್ತಿದ್ದೆವು. ಮೊದಲ ಮಳೆಯಾಗಿ ಐದನೆಯ ದಿನಕ್ಕೆ ಕತ್ತರಿಸಿದ ಕಡೆ ಕೆಂಪು ಚಿಗುರು ಚುಕ್ಕೆಯಂತೆ ಕಂಡಿತು. ವನ್ಸಾ ನನ್ನ ಬಾಗಿಲು ತಟ್ಟಿ, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು.

ರಿಂಗಿನೊಳಗಿನ ಬಿದಿರು ಈಗ ಕೂನೂರಿನಲ್ಲಿದ್ದಷ್ಟೇ ಎತ್ತರ. ನನಗೆ ಅಷ್ಟು ಸಾಕು. ಕಿಟಕಿಯಿಂದ ಅರ್ಧ ಬಿದಿರು, ಅರ್ಧ ಮಲ್ಲಿಗೆ ಕಾಣುತ್ತದೆ. ಗಾಳಿ ಎರಡಕ್ಕೂ ಬೀಸುತ್ತದೆ.

ಶ್ರಾವಣದಲ್ಲಿ ಅರಿಷಿಣ ಕುಂಕುಮಕ್ಕೆ ಬಂದ ಬೀಳಗಿಯ ನೆಂಟರೊಬ್ಬರು ಹಿತ್ತಲಿಗೆ ಬಂದು ಅದನ್ನು ನೋಡಿ ನಿಂತುಬಿಟ್ಟರು.

"ಎಷ್ಟ ಛಂದ ಅದ ರೀ! ನನಗೊಂದ ಮರಿ ಕೊಡ್ರಿ. ಗೇಟಿನ ಹತ್ತರ ಹಚ್ತೀನಿ."

ಹೊಗಳಿಸಿಕೊಂಡ ಸಂತೋಷಕ್ಕೆ ನಾನು ಆಗಲೇ ಖುರಪಿ ಹುಡುಕುತ್ತಿದ್ದೆ. ವನ್ಸಾ ಅವರ ದನಿ ಹಿಂದಿನಿಂದ ಬಂತು.

"ತಡೀರಿ. ಕೂಡ್ರಿ. ಅದರದೊಂದು ಕಾಗದ ಅದ, ಇಕಿ ಓದಿ ಹೇಳ್ತಾಳ. ಕೇಳಿ ಆಮೇಲೆ ಬೇಕಾದರ ಒಯ್ರಿ."

"ಅಯ್ಯ, ಗಿಡಕ್ಕ ಕಾಗದ ಯಾಕ ರೀ?" ಎಂದು ಬೀಳಗಿಯವರು ನಕ್ಕರು.

"ಕೇಳ್ರಿ ಒಂದೀಟು. ಇಕಿ ಓದಿದ ಮ್ಯಾಲೆ ಎರಡನೇದವರನ್ನ ಕೇಳೂದು ಉಳಿಯೂದಿಲ್ಲ."

ನಾನು ಒಳಗೆ ಹೋಗಿ ಹಾಳೆಗಳನ್ನೂ ಕನ್ನಡಕವನ್ನೂ ತಂದೆ. ತರುವಾಗ ಕನ್ನಡಕವನ್ನು ಎರಡು ಸಲ ಒರೆಸಬೇಕಾಯಿತು. ಬೀಳಗಿಯವರು ಪೂರ್ತಿ ಕೇಳಿದರು; ಬೇರು ಹಬ್ಬುವ ಭಾಗಕ್ಕೆ ಬಂದಾಗ ಹುಬ್ಬೇರಿಸಿದರು; ಕಡೆಗೆ ಪೇಂಟಿನ ಒಂದು ಖಾಲಿ ಡಬ್ಬಿಯಲ್ಲಿ ಮರಿ ಹಾಕಿಸಿಕೊಂಡು, "ನೆಲಕ್ಕ ಇಳಸೂದಿಲ್ಲ, ಡಬ್ಬ್ಯಾಗs ಇಡ್ತೀನಿ" ಎಂದು ವನ್ಸಾ ಅವರ ಕೈ ಮೇಲೆ ಕೈಯಿಟ್ಟು ಹೇಳಿ ಹೋದರು.